ಅಜ್ಜನ ಲೆಕ್ಕದ ಪುಸ್ತಕದಲ್ಲಿ ಸಿಕ್ಕ ಜೀತ: ಗುಲಾಮಗಿರಿ ನಿಜಕ್ಕೂ ಮುಗಿದಿದೆಯಾ?

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡು, ಓದಿಗೆ ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ.)

ಗುಲಾಮಗಿರಿಯ ಬಗ್ಗೆ ಒಂದು ಸಂಚಿಕೆ ಮಾಡೋಣ ಅಂತ ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ಬಹುಶಃ ಈಗ ನಿಮ್ಮ ತಲೆಗೆ ಬಂದ ಚಿತ್ರವೇ. ಹಡಗು, ಸರಪಳಿ, ಹತ್ತಿ ಹೊಲ, ಅಬ್ರಹಾಂ ಲಿಂಕನ್. ಶಾಲೆಯಲ್ಲಿ ನಾವು ಓದಿದ್ದು ಅಷ್ಟೇ. ಎಲ್ಲೋ ದೂರದಲ್ಲಿ ಶುರುವಾಗಿ, ಅಲ್ಲೇ ಮುಗಿದುಹೋದ ಕತೆ.

ಆಮೇಲೆ ಒಂದು ಲೆಕ್ಕದ ಪುಸ್ತಕ ಸಿಕ್ಕಿತು.

ನಮ್ಮ ಅಜ್ಜನ ಮನೆ ಭದ್ರಾವತಿ ತಾಲೂಕಿನ ಒಂದು ಹಳ್ಳಿಯಲ್ಲಿತ್ತು. ಆಗ ಭತ್ತದ ಗದ್ದೆ, ಈಗ ಪೂರ್ತಿ ಅಡಿಕೆ. ಹಳೇ ಮನೆ ಕೆಡವುವಾಗ ಅಟ್ಟದ ಮೇಲಿದ್ದ ಟ್ರಂಕು ಶಿವಮೊಗ್ಗದ ನಮ್ಮ ಮನೆಗೆ ಬಂತು. ಪಹಣಿ, ಕಂದಾಯದ ರಸೀದಿ, ಮದುವೆ ಕಾಗದಗಳ ಅಡಿಯಲ್ಲಿ ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ಉದ್ದ ಪುಸ್ತಕ. ಒಬ್ಬೊಬ್ಬರ ಹೆಸರಿಗೆ ಒಂದೊಂದು ಪುಟ. ಒಬ್ಬರ ಹೆಸರಿಗೆ ಮಾತ್ರ ಒಂಬತ್ತು ಪುಟ. 1961ರಲ್ಲಿ ಶುರುವಾಗುತ್ತೆ: ಮಗಳ ಮದುವೆಗೆ 150. ಯುಗಾದಿಗೆ ಪಂಚೆ, ಸೀರೆ, 22. ಭತ್ತ ಎರಡು ಪಲ್ಲ. ಹೆಂಡತಿ ಕಾಯಿಲೆ, ಮೆಗ್ಗಾನ್ ಆಸ್ಪತ್ರೆ, 40. ಪ್ರತಿ ಯುಗಾದಿಗೆ ಎಲ್ಲ ಕೂಡಿಸಿ, ಬಡ್ಡಿ ಸೇರಿಸಿ, ಮುಂದಿನ ವರ್ಷಕ್ಕೆ ಎಳೆದಿದ್ದಾರೆ.

ಆ ಮನುಷ್ಯ, ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು ನಮ್ಮ ಗದ್ದೆಯಲ್ಲಿ, ಕೊಟ್ಟಿಗೆಯಲ್ಲಿ ದುಡಿದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಾಗಾದರೆ ಆ ಕೆಲಸಕ್ಕೆ ಇಷ್ಟು ಜಮಾ ಅಂತ ಎಲ್ಲಾದರೂ ಬರೆದಿರಬೇಕಲ್ಲ? ಎರಡು ಸಲ ತಿರುವಿ ಹಾಕಿದೆ. ಸಾಲದ ಕಲಂ ಇತ್ತು. ಕೆಲಸದ ಕಲಂ ಇರಲಿಲ್ಲ.

ಅಮ್ಮನನ್ನು ಕೇಳಿದೆ. "ಅವ್ರು ನಮ್ಮನೆ ಆಳು ಕಣೇ. ಮನೆಯವ್ರ ಥರಾನೇ ಇದ್ರು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಊಟ ಮಾತ್ರ ಹಿಂದಿನ ಜಗಲೀಲಿ" ಅಂತ ಸೇರಿಸಿದರು.

ಪುಸ್ತಕದ ಕೊನೆಯ ಸಾಲು 1978ರದ್ದು. ಅಜ್ಜನ ಕೈಬರಹ: "ದೊಡ್ಡ ಮಗ ಓಡಿಹೋದ. ಬಾಕಿ 1,860."

ಈ ಸಾಲನ್ನು ನೆನಪಿಟ್ಟುಕೊಳ್ಳಿ. ಮತ್ತೆ ಇಲ್ಲಿಗೇ ಬರ್ತೀನಿ.

ಮೊದಲು ಪದಗಳ ವಿಷಯ. 'ಗುಲಾಮ' ಅನ್ನೋದು ಅರಬ್ಬಿಯಿಂದ ಬಂದ ಮಾತು. ಇಂಗ್ಲಿಷಿನ 'ಸ್ಲೇವ್' ಬಂದದ್ದು ಪೂರ್ವ ಯುರೋಪಿನ ಸ್ಲಾವ್ ಜನರ ಹೆಸರಿನಿಂದ. ಮಧ್ಯಯುಗದಲ್ಲಿ ಅವರನ್ನು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಹಿಡಿದು ಮಾರುತ್ತಿದ್ದರು, ಜನಾಂಗದ ಹೆಸರೇ ಸ್ಥಿತಿಯ ಹೆಸರಾಯ್ತು. ನಮ್ಮ 'ಜೀತ'ದ ಕತೆ ಇನ್ನೂ ವಿಚಿತ್ರ. ಅದು 'ಜೀವಿತ'ದಿಂದ ಬಂದದ್ದು. ಹಳಗನ್ನಡದಲ್ಲಿ ಜೀತ ಅಂದರೆ ಜೀವನಕ್ಕೆ ಕೊಡುವ ಸಂಬಳ, ವೇತನ. ಸಂಬಳ ಅನ್ನೋ ಅರ್ಥದ ಮಾತೇ ಕಾಲಾಂತರದಲ್ಲಿ ಸಂಬಳ ಇಲ್ಲದ ದುಡಿಮೆಯ ಹೆಸರಾಗಿಬಿಟ್ಟಿದೆ. ನಮ್ಮ ಪುಸ್ತಕದ ಒಂಬತ್ತು ಪುಟಗಳಲ್ಲಿ ಆಗಿರೋದೂ ಅದೇ ಅಲ್ವಾ?

"ನಮ್ಮಲ್ಲಿ ಜೀತ ಇತ್ತು ಸರಿ, ಗುಲಾಮಗಿರಿ ಎಲ್ಲಿತ್ತು?" ಅಂತ ಕೇಳೋರು ಬಹಳ ಜನ. ಬಿ.ಎಲ್. ರೈಸ್ ಅವರು 19ನೇ ಶತಮಾನದ ಕೊನೆಯಲ್ಲಿ ಹೊರತಂದ ಮೈಸೂರು ಗೆಜೆಟಿಯರ್‌ನಲ್ಲಿ ಮಲೆನಾಡಿನ ಬಗ್ಗೆ ಎರಡು ಕನ್ನಡ ಪದಗಳಿವೆ. ಹುಟ್ಟಾಳು, ಮಣ್ಣಾಳು. ಇವತ್ತು ನಾವು ದಲಿತರು ಅಂತ ಕರೆಯುವ ಸಮುದಾಯದವರನ್ನು ಮಲೆನಾಡಿನಲ್ಲಿ ಹೀಗೆ ಎರಡು ಬಗೆ ಮಾಡಿದ್ದರು. ಹುಟ್ಟಾಳು ಅಂದರೆ ಒಡೆಯನ ಮನೆಯ ಆಳಾಗಿಯೇ ಹುಟ್ಟಿದವನು, ತಲೆಮಾರಿನಿಂದ ತಲೆಮಾರಿಗೆ ಆ ಕುಟುಂಬಕ್ಕೇ ಸೇರಿದವನು. ಮಣ್ಣಾಳು ಅಂದರೆ ಮಣ್ಣಿಗೆ ಸೇರಿದ ಆಳು. ಜಮೀನು ಮಾರಿದರೆ ಮರ, ಬಾವಿ, ಕೊಟ್ಟಿಗೆಯ ಜೊತೆ ಇವನೂ ಹೊಸ ಒಡೆಯನಿಗೆ ಹೋಗುತ್ತಾನೆ. ರೈಸ್ ಇದಕ್ಕೆ ಗುಲಾಮಗಿರಿ ಅಂತಲೇ ಹೆಸರಿಟ್ಟಿದ್ದಾರೆ. ತಮ್ಮ ಕಾಲಕ್ಕೆ ಇವರು ಬಿಡುಗಡೆಯಾಗಿದ್ದಾರೆ ಅಂತಲೂ ಬರೆದಿದ್ದಾರೆ.

ಅದೇ ಕಾಲದ ಮಲೆನಾಡು ಕಣ್ಣಿಗೆ ಕಟ್ಟಬೇಕಾದರೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಇದೆ. ತೀರ್ಥಹಳ್ಳಿ ಸೀಮೆ, 19ನೇ ಶತಮಾನದ ಕೊನೆ. ನಾಯಿಗುತ್ತಿ ಸಿಂಭಾವಿ ಹೆಗ್ಗಡೆಯ ಆಳು. ಅವನು ಇಷ್ಟಪಟ್ಟ ತಿಮ್ಮಿ ಬೆಟ್ಟಳ್ಳಿ ಗೌಡರ ಕೇರಿಯವಳು. ಅವನು ಅವಳನ್ನು ಹಾರಿಸಿಕೊಂಡು ಹೋದರೆ ಅದು ಬರೀ ಇಬ್ಬರ ಪ್ರೀತಿಯ ವಿಷಯವಾಗಿ ಉಳಿಯೋದಿಲ್ಲ. ಒಬ್ಬ ಒಡೆಯನ ಕೇರಿಯಿಂದ ಒಂದು ಹೆಣ್ಣಾಳು ಕಡಿಮೆಯಾಗಿ ಇನ್ನೊಬ್ಬ ಒಡೆಯನ ಕೇರಿಗೆ ಜಾಸ್ತಿಯಾಗೋ ವಿಷಯ. ನಾನು ಕಾಲೇಜಿನಲ್ಲಿ ಓದುವಾಗ ಇದನ್ನು ಸಾಹಸದ ಪ್ರೇಮಕತೆ ಅಂತ ಓದಿದ್ದೆ. ಈಗ ಓದಿದರೆ ಆಸ್ತಿಯ ಜಗಳ ಎದ್ದು ಕಾಣುತ್ತೆ.

ಈಗ ಸ್ವಲ್ಪ ಹೊರಗೆ ಹೋಗೋಣ. ಗುಲಾಮಗಿರಿ ಯಾವುದೋ ಒಂದು ಖಂಡದ ಪಾಪ ಅಲ್ಲ. ಗ್ರೀಸ್, ರೋಮ್, ಅರಬ್ ನಾಡು, ಆಫ್ರಿಕಾದ ರಾಜ್ಯಗಳು, ಚೀನಾ, ಎಲ್ಲ ಕಡೆಯೂ ಇತ್ತು. ನಮ್ಮ ಮನುಸ್ಮೃತಿ ಏಳು ಬಗೆಯ ದಾಸರನ್ನು ಪಟ್ಟಿ ಮಾಡುತ್ತೆ. ಆದರೆ ಅಟ್ಲಾಂಟಿಕ್ ಸಾಗರದ ವ್ಯಾಪಾರ ಇದನ್ನು ಕಾರ್ಖಾನೆಯ ಮಟ್ಟಕ್ಕೆ ತಂದಿತು. 16ರಿಂದ 19ನೇ ಶತಮಾನದೊಳಗೆ ಆಫ್ರಿಕಾದಿಂದ ಸುಮಾರು 1 ಕೋಟಿ 25 ಲಕ್ಷ ಜನರನ್ನು ಹಡಗಿಗೆ ತುಂಬಿದರು. ಅಮೆರಿಕ ಖಂಡಗಳಲ್ಲಿ ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದವರು ದಾರಿಯಲ್ಲೇ ಹೋದರು. ಸಕ್ಕರೆ, ಹತ್ತಿ, ಕಾಫಿ, ತಂಬಾಕು, ಇವಿಷ್ಟು ಯುರೋಪಿನ ಮನೆಮನೆಯ ಮೇಜಿಗೆ ಬಂದದ್ದು ಹೀಗೆ.

ಮುಗಿದದ್ದು ಹೇಗೆ? ಹೈಟಿಯಲ್ಲಿ ಗುಲಾಮರೇ 1791ರಲ್ಲಿ ದಂಗೆ ಎದ್ದು, 1804ರಲ್ಲಿ ಸ್ವಂತ ದೇಶ ಕಟ್ಟಿಕೊಂಡರು. ಅದಕ್ಕೆ ಫ್ರಾನ್ಸ್ 1825ರಲ್ಲಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಗುಲಾಮರಿಗೆ ಪರಿಹಾರ ಅಂದುಕೊಂಡಿರಾ? ಅಲ್ಲ. ಒಡೆಯರು ಕಳೆದುಕೊಂಡ ಆಸ್ತಿಗೆ. ಬ್ರಿಟನ್ 1833ರಲ್ಲಿ ಕಾಯ್ದೆ ಮಾಡಿದಾಗಲೂ ಹಾಗೇ: 2 ಕೋಟಿ ಪೌಂಡು ಹೋದದ್ದು ಒಡೆಯರಿಗೆ. ಆ ಹಣ ಹೊಂದಿಸಲು ಮಾಡಿದ ಸಾಲವನ್ನು ಬ್ರಿಟಿಷ್ ಸರ್ಕಾರ ಪೂರ್ತಿ ತೀರಿಸಿದ್ದು 2015ರಲ್ಲಿ. ಬಿಡುಗಡೆಯಾದವರಿಗೆ ಒಂದು ಪೌಂಡೂ ಇಲ್ಲ, ಒಂದು ತುಂಡು ನೆಲವೂ ಇಲ್ಲ. ಅಮೆರಿಕದಲ್ಲಿ 1865, ಬ್ರೆಜಿಲ್‌ನಲ್ಲಿ 1888, ಸೌದಿ ಅರೇಬಿಯಾದಲ್ಲಿ 1962, ಮಾರಿಟೇನಿಯಾದಲ್ಲಿ 1981. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಡುಗಡೆಯಾದ ಬಹಳಷ್ಟು ಕುಟುಂಬಗಳು ಅದೇ ಹೊಲಕ್ಕೆ ಪಾಲು ಬೇಸಾಯಗಾರರಾಗಿ ವಾಪಸ್ ಹೋದವು. ಬೀಜಕ್ಕೆ ಸಾಲ, ಅಂಗಡಿಯಲ್ಲಿ ಉದ್ದರಿ, ಸುಗ್ಗಿಯಲ್ಲಿ ಲೆಕ್ಕ ನೋಡಿದರೆ ಮತ್ತೆ ಬಾಕಿ. ನಮ್ಮಜ್ಜನಂಥವರು ಅಲ್ಲೂ ಕೂತು ಯುಗಾದಿ ಲೆಕ್ಕ ಬರೆಯುತ್ತಿದ್ದರು ಅಂತಾಯ್ತು.

ಬ್ರಿಟನ್ನಿನ 1833ರ ಆ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತ್ತು. ಇಲ್ಲಿಗೆ ಬಂದದ್ದು 1843ರ ಐದನೇ ಕಾಯ್ದೆ. ಅದು ಗುಲಾಮರನ್ನು ಬಿಡುಗಡೆ ಮಾಡಿದ್ದೇವೆ ಅಂತ ಎಲ್ಲೂ ಘೋಷಿಸಲಿಲ್ಲ. ಹೇಳಿದ್ದು ಇಷ್ಟು: ಒಬ್ಬ ಮನುಷ್ಯ ನನ್ನ ಆಸ್ತಿ ಅನ್ನೋ ವಾದವನ್ನು ನಮ್ಮ ಕೋರ್ಟು ಇನ್ನು ಮೇಲೆ ಕೇಳುವುದಿಲ್ಲ. ಅಂದರೆ ಆಳು ಬಿಟ್ಟುಹೋದರೆ ಒಡೆಯ ಕೋರ್ಟಿಗೆ ಹೋಗಿ ಹಿಡಿದು ತರಿಸೋ ಹಾಗಿಲ್ಲ. ಕಾಗದದ ಮೇಲೆ ದೊಡ್ಡ ವಿಷಯವೇ. ಆದರೆ ಕೋರ್ಟನ್ನೇ ಕಾಣದ ಆಳಿಗೆ, ಒಡೆಯನ ನೆಲದ ಮೇಲೆ ಗುಡಿಸಲು ಇರುವವನಿಗೆ, ಹೋಗೋದಾದರೂ ಎಲ್ಲಿಗೆ?

ಇನ್ನು 16 ವರ್ಷ ಕಳೆದ ಮೇಲೆ, 1859ರಲ್ಲಿ, ಇನ್ನೊಂದು ಕಾಯ್ದೆ ಬಂತು. ಕೆಲಸಗಾರರ ಕರಾರು ಉಲ್ಲಂಘನೆ ಕಾಯ್ದೆ. ಮುಂಗಡ ಪಡೆದ ಕೆಲಸಗಾರ ಕೆಲಸ ಮಾಡದೆ ಹೋದರೆ ಮ್ಯಾಜಿಸ್ಟ್ರೇಟ್ ಎದುರಿಗೆ ಎಳೆದು ತಂದು, ದುಡಿಯೋ ಹಾಗೆ ಆದೇಶ ಮಾಡಿಸಬಹುದು, ಜೈಲಿಗೂ ಹಾಕಿಸಬಹುದು. ನನಗೆ ಇದು ಇಡೀ ಇತಿಹಾಸದ ತಿರುಗುವ ಜಾಗ ಅನ್ನಿಸುತ್ತೆ. ಮನುಷ್ಯನನ್ನು ಆಸ್ತಿ ಅಂತ ಕಟ್ಟಿಹಾಕೋ ಹಗ್ಗವನ್ನು 1843ರಲ್ಲಿ ಬಿಚ್ಚಿದರು. 1859ರಲ್ಲಿ ಸಾಲ ಅನ್ನೋ ಹಗ್ಗದಿಂದ ಕಟ್ಟಿದರು. ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಅದರಲ್ಲಿ ಚೋಮನ ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗೋದು ಯಾತಕ್ಕೆ? ಅಪ್ಪನ ಸಾಲಕ್ಕೆ. ಯಾರೂ ಅವರನ್ನು ಸರಪಳಿ ಹಾಕಿ ಕರೆದುಕೊಂಡು ಹೋಗಲಿಲ್ಲ.

ಈ ಎರಡೂ ಹಗ್ಗವನ್ನು ಒಂದೇ ಜನ ಕಂಡ ಉದಾಹರಣೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಇರುವ ಸಿದ್ದಿಗಳು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದ ಗುಲಾಮರ ಸಂತತಿಯವರು ಇವರಲ್ಲಿ ಬಹಳ ಜನ. ತಪ್ಪಿಸಿಕೊಂಡು ಬಂದವರು, ಬಿಡುಗಡೆಯಾದವರು ಘಟ್ಟದ ಕಾಡಿನಲ್ಲಿ ನೆಲೆಯಾದರು. ಕಾಡಿನ ಅಂಚಿನಲ್ಲಿ ಅವರಿಗೆ ಎದುರಾದದ್ದು ಅಡಿಕೆ ತೋಟ, ತೋಟದ ಒಡೆಯರು, ಸಾಲ. ಹಡಗಿನಿಂದ ಬಿಡಿಸಿಕೊಂಡವರ ಮೊಮ್ಮಕ್ಕಳಲ್ಲಿ ಅನೇಕರು ಸಾಲಕ್ಕೆ ತೋಟದಲ್ಲಿ ದುಡಿದರು. ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ.

ಇನ್ನು ನಮ್ಮ ಜಿಲ್ಲೆಗೆ ವಾಪಸ್ ಬರೋಣ. ಶಿವಮೊಗ್ಗದವರಿಗೆ ಹೋರಾಟ ಅಂದ ಕೂಡಲೇ ನೆನಪಾಗೋದು ಕಾಗೋಡು. 1951. ಸಾಗರ ತಾಲೂಕು. ಗೇಣಿ ಭತ್ತ ಅಳೆಯೋ ಕೊಳಗದ ಗಾತ್ರದ ಜಗಳವಾಗಿ ಶುರುವಾದದ್ದು ಭೂಮಿಯ ಹಕ್ಕಿನ ಹೋರಾಟವಾಯ್ತು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ, ಕೊನೆಗೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಹೊಲದೊಡೆಯ ಅನ್ನೋ ಮಾತು ನಿಜವಾಯ್ತು. ಇದೆಲ್ಲ ನಮ್ಮ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ನಾವು ಹೆಚ್ಚು ಮಾತಾಡದ ಒಂದು ಸಂಗತಿ ಇದೆ. ಭೂನ್ಯಾಯ ಮಂಡಳಿಯ ಮುಂದೆ ಏಳನೇ ನಂಬರ್ ಅರ್ಜಿ ಹಾಕಿ ಭೂಮಿ ಪಡೆದದ್ದು ಗೇಣಿದಾರ. ತನ್ನ ಪಾಲಿಗೆ ಅಂತ ಒಂದು ಗದ್ದೆ ಇಟ್ಟುಕೊಂಡು ಉಳುತ್ತಿದ್ದವನು. ಜೀತದ ಆಳು ಗೇಣಿದಾರನೇ ಅಲ್ಲ. ಅವನು ಉಳುತ್ತಿದ್ದ, ನಿಜ. ಆದರೆ ಒಡೆಯನ ಎತ್ತಿನಲ್ಲಿ, ಒಡೆಯನ ನೇಗಿಲಿನಲ್ಲಿ, ಒಡೆಯನ ಲೆಕ್ಕಕ್ಕೆ. ಕಾನೂನಿನ ಕಣ್ಣಿಗೆ ಅವನು ಉಳುವವನಲ್ಲ, ಬರೀ ಆಳು. ನಮ್ಮ ಪುಸ್ತಕದಲ್ಲಿರುವ ಆ ಕುಟುಂಬಕ್ಕೆ ಭೂಸುಧಾರಣೆಯಿಂದ ಒಂದು ಗುಂಟೆಯೂ ಬರಲಿಲ್ಲ.

ಆ ಕೊರತೆಯನ್ನು ಹೆಸರಿಟ್ಟು ಮಾತಾಡಿದವರು ಭದ್ರಾವತಿಯಿಂದ ಬಂದರು ಅನ್ನೋದು ಕಾಕತಾಳೀಯ ಅಂತ ನನಗೆ ಅನ್ನಿಸೋಲ್ಲ. 1970ರ ದಶಕದ ನಡುವಿನಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರು ಭದ್ರಾವತಿಯ ಸರ್ ಎಂ.ವಿ. ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಹುಟ್ಟಿದ್ದು ಹರಿಹರದಲ್ಲಿ, 1938ರಲ್ಲಿ. ಭದ್ರಾವತಿ ಹೇಗಿತ್ತು ಅಂತ ಯೋಚಿಸಿ. 1923ರಿಂದ ಕಬ್ಬಿಣದ ಕಾರ್ಖಾನೆ, ಆಮೇಲೆ ಕಾಗದದ ಕಾರ್ಖಾನೆ. ಹತ್ತು ಮೈಲಿ ಆಚೆ ಹಳ್ಳಿಯಲ್ಲಿ ಯುಗಾದಿ ಲೆಕ್ಕ; ಇಲ್ಲಿ ಸೈರನ್, ಪಾಳಿ, ಹಾಜರಿ, ತಿಂಗಳ ಸಂಬಳ. ಕೆಲಸಕ್ಕೂ ಒಂದು ಕಲಂ ಇರುತ್ತೆ ಅಂತ ಕಣ್ಣಾರೆ ಕಾಣೋ ಜಾಗ ಅದು.

ಇದೇ ಹೊತ್ತಿಗೆ ಕಾನೂನೂ ಬಂತು. ಹಾಗಂತ ಮೊದಲು ಏನೂ ಇರಲಿಲ್ಲ ಅಂತಲ್ಲ. ಸಂವಿಧಾನದ 23ನೇ ವಿಧಿ 1950ರಲ್ಲೇ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತ್ತು. ಆದರೆ ಅದನ್ನು ಜಾರಿ ಮಾಡೋಕೆ ಪೂರ್ತಿ ದೇಶಕ್ಕೆ ಅನ್ವಯಿಸೋ ಕಾಯ್ದೆ ಬರೋಕೆ 25 ವರ್ಷ ಹಿಡಿಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ. 1976ರಲ್ಲಿ ಜೀತ ಪದ್ಧತಿ ನಿರ್ಮೂಲನ ಕಾಯ್ದೆ. ಬಿ.ವಿ. ಕಾರಂತರು 'ಚೋಮನ ದುಡಿ'ಯನ್ನು ಸಿನಿಮಾ ಮಾಡಿ, ಅದಕ್ಕೆ ಸ್ವರ್ಣಕಮಲ ಬಂದದ್ದೂ 1975ರ ಸಾಲಿನದ್ದೇ.

ಈ ಕಾಯ್ದೆ 1843ರದ್ದಕ್ಕಿಂತ ಯಾಕೆ ಬೇರೆ ಅಂದರೆ, ಇದು ಸೀದಾ ಸಾಲಕ್ಕೇ ಕೈ ಹಾಕಿತು. ಜೀತದ ಸಾಲ ಎಷ್ಟೇ ಇರಲಿ, 1975ರ ಅಕ್ಟೋಬರ್ 25ಕ್ಕೆ ಅದು ಸತ್ತುಹೋಯ್ತು. ಒಡೆಯ ಅದನ್ನು ವಸೂಲಿ ಮಾಡೋ ಹಾಗಿಲ್ಲ, ಆಳು ತಾನಾಗಿ ತಂದುಕೊಟ್ಟರೂ ತೆಗೆದುಕೊಳ್ಳೋ ಹಾಗಿಲ್ಲ. ತಗೊಂಡರೆ ಅದೇ ಅಪರಾಧ. ಜೀತದ ಭಾಗವಾಗಿ ವಾಸ ಮಾಡುತ್ತಿದ್ದ ಮನೆಯಿಂದ ಹೊರಗೆ ಹಾಕೋ ಹಾಗಿಲ್ಲ. ಸಾಲ ಜೀತದ್ದು ಅಂತ ಆಳು ಹೇಳಿದರೆ, ಅಲ್ಲ ಅಂತ ಸಾಬೀತು ಮಾಡೋ ಹೊಣೆ ಸಾಲ ಕೊಟ್ಟವನದ್ದು. ಜೀತಕ್ಕೆ ಇಟ್ಟುಕೊಂಡವರಿಗೆ 3 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. 1956ರಲ್ಲೇ ವಿಶ್ವಸಂಸ್ಥೆಯ ಒಪ್ಪಂದ ಸಾಲದ ಜೀತವನ್ನು ಗುಲಾಮಗಿರಿಯ ಸಾಲಿಗೆ ಸೇರಿಸಿತ್ತು. ಸಾಲ ಒಂದು ಹಗ್ಗ ಅಂತ ಕೊನೆಗೂ ಒಪ್ಪಿಕೊಂಡಾಗಿತ್ತು.

ಈಗ ಅಜ್ಜನ ಪುಸ್ತಕದ ಕೊನೆಯ ಸಾಲಿಗೆ ಬನ್ನಿ. "ದೊಡ್ಡ ಮಗ ಓಡಿಹೋದ. ಬಾಕಿ 1,860." ವರ್ಷ 1978. ಕಾನೂನಿನ ಪ್ರಕಾರ ಬಾಕಿ ಸೊನ್ನೆಯಾಗಿ ಎರಡು ವರ್ಷದ ಮೇಲಾಗಿತ್ತು. 'ಓಡಿಹೋದ' ಅನ್ನೋ ಮಾತನ್ನೂ ನೋಡಿ. ಬ್ಯಾಂಕಿನ ನೌಕರ ಕೆಲಸ ಬಿಟ್ಟರೆ ನಾವು ರಾಜೀನಾಮೆ ಕೊಟ್ಟರು ಅಂತೀವಿ. ಟೈಲರ್ ಅಂಗಡಿ ಹುಡುಗ ಹೋದರೆ ಕೆಲಸ ಬಿಟ್ಟ ಅಂತೀವಿ. ಓಡಿಹೋದ ಅನ್ನೋದು ಯಾರಿಗೆ? ನಮ್ಮಜ್ಜ ಒಳ್ಳೆಯವರು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವರು. ಆ ಕೈಬರಹವೂ ಅವರದ್ದೇ.

ಓಡಿಹೋದ ದೊಡ್ಡ ಮಗ ಈಗಲೂ ಇದ್ದಾರೆ. ಭದ್ರಾವತಿಯ ಜನ್ನಾಪುರದ ಕಡೆ, ಮಗಳ ಮನೆಯಲ್ಲಿ. ಹೆಸರು ಹೇಳಬೇಡಿ ಅಂದಿದ್ದಾರೆ. ಧ್ವನಿಯನ್ನೂ ಬಳಸುತ್ತಿಲ್ಲ, ನಾನೇ ಹೇಳ್ತೀನಿ. ನಾನು ಹೋದಾಗ ಅವರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಎಪ್ಪತ್ತರ ಹತ್ತಿರದವರು. "ಕೂತ್ಕೊಳಿ ಅಣ್ಣ" ಅಂತ ಎರಡು ಮೂರು ಸಲ ಹೇಳಬೇಕಾಯ್ತು.

"ನಿಮ್ಮಜ್ಜ ಕೆಟ್ಟೋರಲ್ಲ ಅಮ್ಮ. ಹೊಡೆದಿಲ್ಲ, ಬಡಿದಿಲ್ಲ. ಹಬ್ಬಕ್ಕೆ ಬಟ್ಟೆ ಕೊಡ್ತಿದ್ರು. ಆದ್ರೆ ನಮ್ಮಪ್ಪ ಕೇಳ್ದೇ ಒಂದು ದಿನ ಎಲ್ಲಿಗೂ ಹೋಗ್ಲಿಲ್ಲ. ನಮ್ಮಕ್ಕ ಬಾಣಂತಿ ಆದಾಗ ನೋಡ್ಕಂಡು ಬರ್ತೀನಿ ಅಂದ್ರು. ನಾಟಿ ಮುಗೀಲಿ ಅಂದ್ರು ನಿಮ್ಮಜ್ಜ. ನಾಟಿ ಮುಗೀತು, ಕಳೆ ಬಂತು. ಮಗೂಗೆ ಆರು ತಿಂಗಳಾದ್ಮೇಲೆ ನೋಡಿದ್ದು."

ಕಾನೂನು ಬಂದದ್ದು ಗೊತ್ತಾಗಿತ್ತಾ ಅಂತ ಕೇಳಿದೆ. ಸಾಲ ಮನ್ನಾ ಆಗಿದೆಯಂತೆ ಅಂತ ಸಂತೆಯಲ್ಲಿ ಯಾರೋ ಹೇಳಿದ್ದರಂತೆ. ಅಪ್ಪ ನಂಬಲಿಲ್ಲವಂತೆ. "ಉಂಡ ಋಣ ಸರ್ಕಾರ ಹೆಂಗೆ ತೀರಿಸ್ತದೆ" ಅಂದರಂತೆ. ಇಲ್ಲಿ ನಾನು ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಋಣ ಅನ್ನೋ ನಮ್ಮ ಅಷ್ಟು ಒಳ್ಳೆಯ ಮಾತು ಎಂಥಾ ಕೆಲಸಕ್ಕೆಲ್ಲ ಬಂದಿದೆ!

ಇವರು ಹೋದದ್ದು ರಾತ್ರಿ. ನಡೆದು ಭದ್ರಾವತಿಗೆ. ಮೊದಲು ಒಂದು ಹೋಟೆಲಿನಲ್ಲಿ ಲೋಟ ತೊಳೆಯೋ ಕೆಲಸ, ಆಮೇಲೆ ಲಾರಿ ಲೋಡಿಂಗು, ಆಮೇಲೆ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಮೊದಲ ವಾರದ ಕೂಲಿ ಕೈಗೆ ಬಂದಾಗ ಏನು ಮಾಡಿದಿರಿ ಅಂದೆ. "ಏನೂ ಮಾಡ್ಲಿಲ್ಲ. ಭಾನುವಾರ ಇತ್ತು. ಸುಮ್ನೆ ಹೊಳೆ ದಂಡೆಲಿ ಕೂತಿದ್ದೆ. ಯಾರೂ ಕರೀಲಿಲ್ಲ" ಅಂದರು.

ಹಾಗಾದರೆ ಈಗ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಜೊತೆಗಾರ ಸಂಸ್ಥೆಗಳ 2022ರ ಅಂದಾಜಿನಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದಾರೆ. 2 ಕೋಟಿ 76 ಲಕ್ಷ ಬಲವಂತದ ದುಡಿಮೆ, ಉಳಿದ 2 ಕೋಟಿ 20 ಲಕ್ಷ ಬಲವಂತದ ಮದುವೆ. ಕೊಲ್ಲಿ ದೇಶದಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡ ಮನೆಗೆಲಸದ ಹೆಣ್ಣುಮಕ್ಕಳು ಇದ್ದಾರೆ. ಮ್ಯಾನ್ಮಾರ್, ಕಾಂಬೋಡಿಯಾದ ಬೇಲಿ ಹಾಕಿದ ಕಟ್ಟಡಗಳಲ್ಲಿ ಕೂತು, ಹೊಡೆತ ತಿಂದು, ಆನ್‌ಲೈನ್ ಮೋಸ ಮಾಡಬೇಕಾದ ಹುಡುಗರೂ ಇದ್ದಾರೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ ಒಂದೇ ಸಲಕ್ಕೆ 283 ಭಾರತೀಯರನ್ನು ವಾಪಸ್ ತಂದರು. ಕಂಪ್ಯೂಟರ್ ಕೆಲಸ ಅಂತ ನಂಬಿ ಹೋದವರು. ಬಿಟ್ಟುಹೋಗಬೇಕಾದರೆ ಇಷ್ಟು ದುಡ್ಡು ಕಟ್ಟು ಅಂತ ಅಲ್ಲೂ ಒಂದು ಬಾಕಿ ತೋರಿಸ್ತಾರೆ.

ಭಾರತದಲ್ಲಿ 1976ರ ಕಾಯ್ದೆಯ ನಂತರ ಅಧಿಕೃತವಾಗಿ ಗುರುತಿಸಿ ಬಿಡುಗಡೆ ಮಾಡಿದ ಜೀತದಾಳುಗಳು ಮೂರು ಲಕ್ಷದ ಆಸುಪಾಸು. ಆ ಪಟ್ಟಿಯಲ್ಲಿ ಕರ್ನಾಟಕ ಮೇಲಿನ ಸಾಲಿನಲ್ಲೇ ಇದೆ. ಇದನ್ನು ಅವಮಾನ ಅಂತಲೂ ಓದಬಹುದು, ಇಲ್ಲಿ ಹುಡುಕೋ ಜನ ಇದ್ದರು ಅಂತಲೂ ಓದಬಹುದು. ನಾನು ಎರಡನೆಯದಕ್ಕೆ ಹೆಚ್ಚು ತೂಕ ಕೊಡ್ತೀನಿ. ಯಾಕಂದರೆ ಹುಡುಕದ ಕಡೆ ಸಂಖ್ಯೆ ಯಾವಾಗಲೂ ಸೊನ್ನೆಯೇ.

ಹುಡುಕೋದು ಏನನ್ನು? ಸುಪ್ರೀಂ ಕೋರ್ಟು 1982ರಲ್ಲಿ, ದೆಹಲಿಯ ಏಷ್ಯಾಡ್ ಕಾಮಗಾರಿಯ ಪ್ರಕರಣದಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸೋದೂ ಬಲವಂತದ ದುಡಿಮೆಯೇ ಅಂತ ಹೇಳಿತು. ಹಸಿವೂ ಒಂದು ಬಲವಂತ ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಒಪ್ಪಿಕೊಂಡಿತು. 1983ರಲ್ಲಿ, ಬಂಧುವಾ ಮುಕ್ತಿ ಮೋರ್ಚಾದ ಪ್ರಕರಣದಲ್ಲಿ, ಫರೀದಾಬಾದಿನ ಕಲ್ಲುಕ್ವಾರಿಗಳ ವಿಷಯ ಬಂದಾಗ ಇನ್ನೊಂದು ಹೆಜ್ಜೆ ಇಟ್ಟಿತು: ಬಲವಂತದ ದುಡಿಮೆ ಕಂಡರೆ ಅದರ ಹಿಂದೆ ಮುಂಗಡ ಇದೆ ಅಂತಲೇ ಭಾವಿಸಬೇಕು, ಕಾಗದ ಪತ್ರ ತಾ ಅಂತ ಕೂಲಿಯವನನ್ನು ಕೇಳಬಾರದು.

ಇಲ್ಲಿ ನನ್ನ ಚಿಕ್ಕಪ್ಪನ ಮಾತು ಹೇಳಲೇಬೇಕು. ಅದೇ ಹಳೇ ಗದ್ದೆ ಈಗ ಅವರ ಅಡಿಕೆ ತೋಟ. ಕೊಯ್ಲಿನ ಹೊತ್ತಿಗೆ ಹೊರಗಿನಿಂದ ಕೆಲಸದವರು ಬರ್ತಾರೆ, ಮೇಸ್ತ್ರಿ ಮೂಲಕ. ಅಡ್ವಾನ್ಸ್ ಮೇಸ್ತ್ರಿ ಕೈಗೆ. ಕಳೆದ ವರ್ಷ ನಾನು ಹೋದಾಗ ಶೆಡ್ಡಿನಲ್ಲಿ ಮೂರು ಕುಟುಂಬ ಇತ್ತು. ಆಧಾರ್ ಕಾರ್ಡ್ ಎಲ್ಲಿ ಅಂತ ಕೇಳಿದರೆ ಮೇಸ್ತ್ರಿ ಹತ್ತಿರ ಅಂದರು. ಯಾಕೆ ಅಂದರೆ ನಕ್ಕರು.

ಚಿಕ್ಕಪ್ಪನನ್ನು ಕೇಳಿದೆ. "ಅಡ್ವಾನ್ಸ್ ಕೊಡದಿದ್ರೆ ಯಾರು ಬರ್ತಾರೆ ಹೇಳು? ತಗೊಂಡು ಓಡಿಹೋದ್ರೆ ನಾನೇನ್ ಮಾಡ್ಲಿ?" ಅಂದರು.

ಓಡಿಹೋದ್ರೆ. ಅದೇ ಮಾತು.

ಅವರು ಹೇಳೋದರಲ್ಲಿ ಅರ್ಧ ಸರಿ ಇದೆ. ಅಡ್ವಾನ್ಸ್ ಕೊಡೋದು ತಪ್ಪಲ್ಲ. ಮನೆಯಲ್ಲಿ ಕಾಯಿಲೆ, ಶಾಲೆ ಶುಲ್ಕ ಅಂದಾಗ ಕೂಲಿಯವರೇ ಕೇಳಿ ತಗೊಳ್ತಾರೆ. ದುಡ್ಡು ವಾಪಸ್ ಬರದಿದ್ದರೆ ಬೇರೆ ಎಲ್ಲ ಸಾಲದ ಹಾಗೆ ಅದನ್ನು ಕೇಳೋ ದಾರಿ ಇದೆ. ಗೆರೆ ದಾಟೋದು ಎಲ್ಲಿ ಅಂದರೆ, ಆ ಅಡ್ವಾನ್ಸಿನ ಹೆಸರಿನಲ್ಲಿ ಮನುಷ್ಯನನ್ನು ಹಿಡಿದಿಟ್ಟಾಗ. ಬೇರೆ ಕಡೆ ಕೆಲಸಕ್ಕೆ ಹೋಗೋ ಹಾಗಿಲ್ಲ, ಊರಿಗೆ ಹೋಗೋ ಹಾಗಿಲ್ಲ, ಕನಿಷ್ಠ ಕೂಲಿ ಇಲ್ಲ, ತನ್ನ ಸಾಮಾನು ತಾನು ಬೇಕಾದವರಿಗೆ ಮಾರೋ ಹಾಗಿಲ್ಲ. ಈ ನಾಲ್ಕರಲ್ಲಿ ಒಂದಿದ್ದರೂ ಸಾಕು, 1976ರ ಕಾಯ್ದೆಯ ಭಾಷೆಯಲ್ಲಿ ಅದು ಜೀತ. ಇಟ್ಟಿಗೆ ಗೂಡು, ಕಲ್ಲುಕ್ವಾರಿ, ಕಬ್ಬಿನ ಗದ್ದೆ, ತೋಟ, ಎಲ್ಲಾದರೂ ಸರಿ.

ಚಿಕ್ಕಪ್ಪ ಆವತ್ತು ಸಂಜೆ ಮೇಸ್ತ್ರಿಗೆ ಫೋನ್ ಮಾಡಿ ಕಾರ್ಡುಗಳನ್ನು ತರಿಸಿ ಕೊಟ್ಟರು. ನನ್ನ ಮೇಲಿನ ಸಿಟ್ಟಿಗೋ ಏನೋ. ಯಾರೂ ಓಡಿಹೋಗಲಿಲ್ಲ. ಒಂದು ಕುಟುಂಬ ಮಧ್ಯದಲ್ಲಿ ಊರಿಗೆ ಹೋಗಿ ಹನ್ನೆರಡು ದಿನ ಬಿಟ್ಟು ಬಂತು. ಅದರಿಂದ ತೋಟಕ್ಕೆ ತೊಂದರೆ ಆಯ್ತು ಅಂತ ಚಿಕ್ಕಪ್ಪ ಈಗಲೂ ಹೇಳ್ತಾರೆ. ಆಗಿರಬಹುದು.

ನಿಮಗೆ ಎಲ್ಲಾದರೂ ಇಂಥದ್ದು ಕಂಡರೆ ಏನು ಮಾಡೋದು? ಜಿಲ್ಲಾಧಿಕಾರಿ, ಅವರ ಕೆಳಗೆ ಉಪವಿಭಾಗಾಧಿಕಾರಿ, ಇವರೇ ಜವಾಬ್ದಾರರು. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ, ಸಾಗರ ಎರಡೂ ಕಡೆ ಉಪವಿಭಾಗದ ಕಚೇರಿ ಇದೆ. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು ಅಂತ ಕಾಯ್ದೆ ಹೇಳುತ್ತೆ. ತುರ್ತಿದ್ದರೆ 112. ಮಕ್ಕಳಿದ್ದರೆ 1098. ಉಚಿತ ಕಾನೂನು ನೆರವಿಗೆ 15100. ಬಿಡುಗಡೆಯಾದವರು ಕೇಳಿ ಪಡೆಯಲೇಬೇಕಾದದ್ದು ಬಿಡುಗಡೆ ಪತ್ರ. ಅದೊಂದು ಕಾಗದ ಇಲ್ಲದಿದ್ದರೆ ಪುನರ್ವಸತಿಯ ಹಣ ಬರೋದಿಲ್ಲ. ಕೇಂದ್ರದ ಯೋಜನೆಯಲ್ಲಿ ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ತೀರಾ ಘೋರ ಶೋಷಣೆಯ ಪ್ರಕರಣಗಳಲ್ಲಿ 3 ಲಕ್ಷ ಅಂತ ಇದೆ. ಆದರೆ ಪೂರ್ತಿ ಹಣಕ್ಕೆ ಒಡೆಯನಿಗೆ ಶಿಕ್ಷೆಯಾಗಬೇಕು ಅನ್ನೋ ಗಂಟು ಹಾಕಿದ್ದಾರೆ. ಕೈಗೆ ಬೇಗ ಬರೋದು ಮೊದಲ ತುರ್ತು ಮೊತ್ತ ಮಾತ್ರ. ಈ ಗಂಟನ್ನು ಬಿಚ್ಚದೆ ಬಿಡುಗಡೆ ಅನ್ನೋದು 1843ರ ಹಾಗೇ ಕಾಗದದ ಬಿಡುಗಡೆ ಆಗಿಬಿಡುತ್ತೆ ಅಂತ ನನ್ನ ಭಯ.

ಕೊನೆಗೊಂದು ವಿಷಯ. ಜನ್ನಾಪುರದಿಂದ ಹೊರಡುವಾಗ ಆ ಪುಸ್ತಕ ಕೈಯಲ್ಲಿತ್ತು. ತೋರಿಸಲೋ ಬೇಡವೋ ಅಂತ ಅಲ್ಲಿಯವರೆಗೂ ಯೋಚಿಸುತ್ತಿದ್ದೆ. ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂಬತ್ತು ಪುಟವನ್ನೂ ನಿಧಾನ ಓದಿದರು. ಹರಿದು ಹಾಕಿ ಅಂತಾರೇನೋ ಅಂದುಕೊಂಡಿದ್ದೆ. "ಮೊದಲನೇ ಪುಟದ್ದು ಒಂದು ಜೆರಾಕ್ಸ್ ಮಾಡ್ಸಿ ಕೊಡ್ತೀರಾ ಅಮ್ಮ? ಓಟಿನ ಪಟ್ಟಿ ಬಿಟ್ರೆ ನಮ್ಮಪ್ಪನ ಹೆಸರು ಬರೆದಿರೋದು ಇದೊಂದೇ ಕಡೆ" ಅಂದರು.

ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಮಾಡಿಸಿ, ವಾಪಸ್ ಹೋಗಿ ಕೊಟ್ಟು ಬಂದೆ.